ಕಿವಿಗೆ ಎಟುಕಿದ ಕೈ

ಪೆನ್ನಿಗೆ ದಾರ ಕಟ್ಟಿಟ್ಟಿದ್ದಾರೆ, ಯಾರಾದರೂ ಎತ್ತಿಕೊಂಡು ಹೋದಾರು ಅಂತ, ಆ ದಾರವೋ ಮೊಳದುದ್ದ, ಸುನೀತಾ ಬೆಂಚಿನ ಮೇಲೆ ಕೂತು ಬರೆಯೋ ಹಾಗಿಲ್ಲ, ಎದ್ದು ಕೌಂಟರಿಗೇ ಹೋಗಬೇಕು, ಆ ನರ್ಸಮ್ಮನ ಕಣ್ಣೆದುರಿಗೇ ಬರೆಯಬೇಕು, ಬರೆಯೋದಾದರೂ ಏನನ್ನ, ತೊಡೆ ಮೇಲಿರೋ ಫಾರಮ್ಮಿನಲ್ಲಿ ಹೆಸರು ತುಂಬಿದ್ದಾಗಿದೆ, ಪಲ್ಲವಿ ಎನ್., ವಯಸ್ಸು ಹದಿನೇಳು, ಕೆಳಗೆ ಒಂದು ಖಾಲಿ ಗೆರೆ, ತಂದೆ ಅಥವಾ ತಾಯಿಯ ಸಹಿ. ತಾಯಿ ಇಲ್ಲ ಮೇಡಮ್, ಇವಳಿಗೆ ಮೂರು ವರ್ಷ ಇದ್ದಾಗಲೇ ನಮ್ಮತ್ತಿಗೆ ಹೋಗಿಬಿಟ್ಟರು, ಸಾಕಿದವಳು ನಾನು, ಸ್ವಂತ ಸೋದರತ್ತೆ, ಅಂದಿದ್ದಕ್ಕೆ ಡಾಕ್ಟರಮ್ಮ ಕನ್ನಡಕ ಮೇಲೇರಿಸಿ, ಹಾಗಾದ್ರೆ ತಂದೇನ ಕರೆಸಿ, ಆಧಾರ್ ತಗೊಂಡು ಖುದ್ದಾಗಿ ಬರಲಿ, ಅಂದರು, ಹದಿನೆಂಟು ತುಂಬದ ಹುಡುಗಿ, ಮನೆಯವರ ಸಹಿ ಇಲ್ಲದೆ ಮಾತ್ರೆ ಕೊಟ್ಟು ನಾಳೆ ಅವರಪ್ಪ ಬಂದು ಕೂಗಾಡಿದ್ರೆ ನೀವು ಬರ್ತೀರಾ, ಪೊಲೀಸಿಗೂ ತಿಳಿಸಬೇಕು, ಕಾನೂನಮ್ಮ, ನನ್ನ ಕೈಲಿಲ್ಲ. ಎಂಟನೇ ವಾರ ಮುಗೀತಾ ಬಂತು, ಇನ್ನೊಂದು ವಾರ ದಾಟಿದ್ರೆ ಮಾತ್ರೇಲಿ ಆಗಲ್ಲ, ಅಂತ ಅದನ್ನೂ ಅವರೇ ಹೇಳಿದರು, ಒಂದೇ ಉಸಿರಲ್ಲಿ. ಪಕ್ಕದಲ್ಲಿ ಪಲ್ಲವಿ ದುಪಟ್ಟಾದ ತುದಿ ಕಚ್ಚಿಕೊಂಡು ನೆಲ ನೋಡ್ತಾ ಕೂತಿದ್ದಾಳೆ, ಎದುರು ಗೋಡೆ ತುಂಬ ನಗೋ ಗುಂಡು ಮಗುವಿನ ಪಟ, ತಲೆ ಎತ್ತಿದರೆ ಅದೇ ಕಾಣುತ್ತೆ — ಲೇ ಪಲ್ಲವಿ, ನಿನಗೆ ಹದಿನೇಳಲ್ಲ ಕಣೇ, ಹದಿನೆಂಟು ತುಂಬಿ ನಾಕು ತಿಂಗಳಾಯ್ತು, ಅದು ನನಗೆ ಗೊತ್ತು, ನಿಮ್ಮಪ್ಪಂಗೆ ಗೊತ್ತು, ಚನ್ನಯ್ಯ ಮೇಷ್ಟ್ರಿಗೆ ಗೊತ್ತಿತ್ತು, ಅವರು ಕೊರೊನಾದಲ್ಲಿ ಹೋದರು, ಇನ್ಯಾರನ್ನ ಕರೆತರಲಿ.

ಹೆಡತಲೆ ಶಾಲೆ, ಪಲ್ಲವೀನ ಒಂದನೇ ಕ್ಲಾಸಿಗೆ ಸೇರಿಸಿದ ಜೂನ್ ತಿಂಗಳು, ಮೇಷ್ಟ್ರ ಕೋಣೇಲಿ ಹೊಸ ಪುಸ್ತಕದ ಕಟ್ಟುಗಳ ವಾಸನೆ. ಪಲ್ಲವಿ ಹುಟ್ಟಿದ್ದು ಅತ್ತಿಗೆಯ ತೌರಲ್ಲಿ, ಸೂಲಗಿತ್ತಿ ರಾಚಮ್ಮನ ಕೈಯಲ್ಲಿ, ಆಸ್ಪತ್ರೆ ಚೀಟಿ ಇಲ್ಲ, ಪಂಚಾಯ್ತಿ ಸರ್ಟಿಫಿಕೇಟು ಇಲ್ಲ, ಮೇಷ್ಟ್ರು ಅಂಥ ಮಕ್ಕಳಿಗೆಲ್ಲ ಮಾಡೋ ಹಾಗೆ, ಎಲ್ಲಿ ಮಗಾ, ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು, ಅಂದರು, ಆರು ತುಂಬಿದ ಮಗೂಗೆ ಎಟುಕುತ್ತೆ, ತುಂಬದಿದ್ರೆ ಎಟುಕಲ್ಲ, ಹಳೇ ಕಾಲದ ಲೆಕ್ಕ. ಎರಡು ಜಡೆ, ಕೆಂಪು ಟೇಪು, ನೆತ್ತಿ ಮೇಲಿಂದ ಹೋಗಿ ಆ ಪುಟ್ಟ ಕೈ ಕಿವಿಯನ್ನ ಓಲೆ ಸಮೇತ ಹಿಡಿದೇಬಿಟ್ಟಿತು, ಸಿಕ್ತು ಅತ್ತೆ, ಅಂತ ನಕ್ಕಳು, ಆರು ತುಂಬಿ ಏಳಕ್ಕೆ ಬಿದ್ದಿದ್ದಳಲ್ಲ, ಸಿಗದೆ ಏನು. ಸುನೀತಾ ಆಗ ಗಂಡನ ಮನೆ ಬಿಟ್ಟು ಬಂದು ಅಂಗನವಾಡಿಗೆ ಸೇರಿದ್ದ ಹೊಸತು, ಊರ ಮಕ್ಕಳ ವಯಸ್ಸು ತೂಕ ಬರೆಯೋಳು ಅಂತ ಅವಳ ಮಾತಿಗೆ ಒಂದು ಬೆಲೆ, ಒಂದ್ವರ್ಷ ಕಮ್ಮಿ ಹಾಕಿ ಸಾ, ನಾಳೆ ಗೌರ್ಮೆಂಟ್ ಕೆಲಸಕ್ಕೆ ಅರ್ಜಿ ಹಾಕೋವಾಗ ಒಂದ್ವರ್ಷ ಜಾಸ್ತಿ ಸಿಗ್ತದೆ, ಅಂದಳು, ಎಲ್ಲರೂ ಅನ್ನೋ ಮಾತೇ, ಊರಲ್ಲಿ ಯಾವ ಮಗೂಗೆ ನಿಜವಾದ ತಾರೀಕಿತ್ತು. ಮೇಷ್ಟ್ರು ನಕ್ಕು, ಕೈ ಎಟುಕ್ತಲ್ಲಮ್ಮ, ಅಂದರು. ಸುನೀತಾ ಮಗುವಿನ ಬೆರಳನ್ನ ಕಿವಿಯಿಂದ ಒಂದೊಂದಾಗಿ ಬಿಡಿಸಿದಳು, ಕೈ ಕೆಳಗಿಳಿಸಿದಳು, ಎಟುಕಲಿಲ್ಲ ಅಂತ್ಲೇ ಬರ್ಕೊಳ್ಳಿ ಸಾ. ಅರ್ಜಿ ತುಂಬಿದ್ದೂ ಅವಳೇ, ಅವಳದೇ ಅಕ್ಷರ. ಆವತ್ತಿಂದ ಪಲ್ಲವಿಗೆ ಅದೊಂದು ಚಾಳಿ, ಹೆದರಿಕೆ ಆದಾಗೆಲ್ಲ ಬಲಗೈ ನೆತ್ತಿ ಮೇಲಿಂದ ಹೋಗಿ ಎಡಗಿವಿ ಹಿಡಿಯುತ್ತೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ದಿನ ಹಿಡಿದಿದ್ದಳು, ಮೊನ್ನೆ ಬಚ್ಚಲ ಬಾಗಿಲಲ್ಲಿ ನಿಂತು, ಎರಡು ತಿಂಗಳಿಂದ ಆಗಿಲ್ಲ ಅತ್ತೆ, ಅನ್ನೋವಾಗ ಹಿಡಿದಿದ್ದಳು.

ಮೂದೇವಿ, ಮೂದೇವಿ ನಾನು, ಅಂದುಕೊಳ್ತಾಳೆ ಸುನೀತಾ, ನಂಜನಗೂಡಿನ ಟ್ರೈನಿಂಗಲ್ಲಿ ವಕೀಲೆ ಮೇಡಮ್ಮು ಕೇಳಲಿಲ್ಲವಾ, ಹದಿನೆಂಟರೊಳಗಿನ ಹುಡುಗಿ ಬಸುರಾಗಿ ತೆಗೆಸ್ಕೋಬೇಕು ಅಂದ್ರೆ ಹೆತ್ತವರಿಗೆ ಹೇಳಲೇಬೇಕು ಅನ್ನೋದು ಸರಿಯಾ ತಪ್ಪಾ, ಅಂತ. ಮನೇಲಿ ಹೇಳೋ ಹಾಗಿದ್ದಿದ್ರೆ ಹುಡುಗಿ ಕದ್ದು ಯಾಕೆ ಬರ್ತಿದ್ಲು ಮೇಡಮ್, ಅಂದಿದ್ದು ಪುಟ್ಟಲಕ್ಷ್ಮಿ, ಪಕ್ಕದ ವಾರ್ಡಿನ ಅಂಗನವಾಡಿಯವಳು, ಅವಳ ಮಾತಿಗೆ ಎದುರಾಗಿ ಎದ್ದು ನಿಂತವಳು ಈ ಸುನೀತಾ, ಹೆತ್ತವರಿಗಿಂತ ಹೆಚ್ಚಿನೋರು ಯಾರು, ಮುಚ್ಚಿಟ್ಟು ಹೆಣ್ಮಗೀಗೆ ಏನಾದ್ರೂ ಆದ್ರೆ ಹೊಣೆ ಯಾರು, ಚಪ್ಪಾಳೆಯೋ ಚಪ್ಪಾಳೆ, ಆ ಚಪ್ಪಾಳೆ ಈಗ ಕೆನ್ನೆಗೆ ಬೀಳ್ತಿದೆ. ಆದರೆ ಆ ಮಾತು ಸುಳ್ಳೂ ಅಲ್ಲವಲ್ಲ, ನಮ್ಮ ಬೀದಿ ಮಲ್ಲಾಜಮ್ಮನ ಮಗಳು ಯಾರಿಗೂ ಹೇಳದೆ ಮೆಡಿಕಲ್ ಸ್ಟೋರಿಂದ ಏನೋ ತಂದು ನುಂಗಿ, ಎರಡು ದಿನ ಹೊದ್ದುಕೊಂಡು ಮಲಗಿ, ಮೂರನೇ ದಿನ ಆಟೋದಲ್ಲಿ ತಂದಾಗ ಮೈಯಲ್ಲಿ ರಕ್ತವೇ ಇರಲಿಲ್ಲ, ಆಸ್ಪತ್ರೆ ಬಾಗಿಲು ಕಾಣೋದ್ರೊಳಗೆ ಮುಗಿದಿತ್ತು. ಬಸ್ಸಲ್ಲಿ ಪಲ್ಲವೀನೂ ಅದನ್ನೇ ಅಂದಳು, ಡಾಕ್ಟರು ಕೊಡದಿದ್ರೆ ನಾನೇ ಎಲ್ಲಾದ್ರೂ ತಂದು ನುಂಗ್ತೀನಿ, ಅಪ್ಪಂಗೆ ಗೊತ್ತಾದ್ರೆ ನಾನು ಉಳಿಯಲ್ಲ ಅತ್ತೆ, ಅಂದು ಕಿಟಕಿಯಾಚೆ ಹೊಳೆ ನೋಡಿದ ನೋಟ — ನಂಜನಗೂಡಲ್ಲಿ ಯಾರ ಕಣ್ಣಿಗಾದರೂ ಬಿದ್ದೇವು ಅಂತ ಈ ನರಸೀಪುರಕ್ಕೆ ಕರ್ಕೊಂಡು ಬಂದಿದ್ದು, ಇಲ್ಲೂ ಕೇಳೋದು ಅಪ್ಪನನ್ನೇ.

ಅಣ್ಣ ನಂಜುಂಡಸ್ವಾಮಿ ಕೆಟ್ಟವನಲ್ಲ, ಡೇರಿಗೆ ಹಾಲು ಹಾಕೋ ಮುಂಚೆ ಮಗಳ ಪಾಲು ತೆಗೆದಿಟ್ಟು ಹೆಡತಲೆಯಿಂದ ನಂಜನಗೂಡಿಗೆ, ಕಾಲೇಜಿಗೆ ಅಂತ ಅವಳು ಸುನೀತಾ ಜೊತೆ ಇರೋ ಮನೆಗೆ, ಬಸ್ಸಲ್ಲಿ ಕಳಿಸೋನು, ಕ್ಯಾನಿನ ಮುಚ್ಚಳಕ್ಕೆ ಬಟ್ಟೆ ಕಟ್ಟಿ. ಅದೇ ಅಣ್ಣ ದಸರಾ ರಜದಲ್ಲಿ ಮಗಳ ಫೋನಲ್ಲಿ ಅಮೃತೇಶನ ಮೆಸೇಜು ಕಂಡು ಫೋನನ್ನ ಕಲಗಚ್ಚಿನ ಬಾನಿಗೆ ಎಸೆದ, ಹದಿನೈದು ದಿನ ಕಾಲೇಜು ಬಿಡಿಸಿದ, ಮೂವತ್ತು ದಾಟಿದ ಒಬ್ಬನನ್ನ ಹೆಣ್ಣು ನೋಡೋಕೆ ಅಂತ ಕರೆತಂದು ಕೂರಿಸಿದ. ಆಗ ಹೊಸಲಿಗೆ ಅಡ್ಡ ನಿಂತವಳು ಸುನೀತಾ, ಹದಿನೆಂಟು ತುಂಬಿಲ್ಲ ಕಣಣ್ಣ, ಆಧಾರ್ ನೋಡು, ಮಾರ್ಕ್ಸ್ ಕಾರ್ಡ್ ನೋಡು, ಈ ಮದುವೆ ಮಾಡಿದ್ರೆ ನಾನೇ ಕಂಪ್ಲೇಂಟ್ ಕೊಡ್ತೀನಿ. ಅಣ್ಣ ಹಲ್ಲು ಕಡಿದು, ನಿಂಗೂ ಗೊತ್ತು ನಂಗೂ ಗೊತ್ತು, ಅವ್ಳಿಗೆ ಎಷ್ಟು ಅಂತ, ಅಂದ, ಆದರೂ ಬಂದವರನ್ನ ಕಳಿಸಿದ. ಆವತ್ತು ಅದೇ ಸುಳ್ಳು ಹುಡುಗೀನ ಉಳಿಸಿತು, ಸುನೀತಾ ಎಷ್ಟು ಬೀಗಿದ್ದಳು, ಈಗ ಅದೇ ಸುಳ್ಳು ಕತ್ತಿಗೆ ಬಂದಿದೆ, ಇವಳ ಕತ್ತಿಗೆ, ಆ ಅಮೃತೇಶನ ಕತ್ತಿಗೂ, ಹತ್ತೊಂಬತ್ತರ ಹೈದ, ಐಟಿಐ ಓದೋನು, ಹುಡುಗಿಗೆ ಹದಿನೇಳು ಅಂತ ಬರೆದರೆ ಅವನು ನೇರ ಜೈಲಿಗೆ. ಸಹಿ ತಾನೇ ಹಾಕಿಬಿಟ್ಟರೆ, ಅಣ್ಣನ ಸಹಿ ಅವಳಿಗೆ ಬರುತ್ತೆ, ಆದರೆ ಖುದ್ದಾಗಿ ಬರಲಿ ಅಂದರಲ್ಲ, ಪೆನ್ನಿಗೆ ದಾರ ಕಟ್ಟಿದ್ದಾರಲ್ಲ. ಎದ್ದಳು, ಬಾಗಿಲು ತಳ್ಳಿ ಒಳಗೆ ಹೋದಳು, ಮೇಡಮ್, ಆ ತಾರೀಕು ಸುಳ್ಳು, ಬರೆಸಿದವಳು ನಾನು, ಇವಳಿಗೆ ಹದಿನೆಂಟಾಗಿದೆ, ದೇವರಾಣೆ. ದಾಖಲೆ ಏನಿದೆಯಮ್ಮ. ದಾಖಲೆ — ಕೈ ಕಿವಿಗೆ ಎಟುಕಿತ್ತು ಮೇಡಮ್. ಬಾಯಿಂದ ಬಂದೇಬಿಟ್ಟಿತು. ಹೊರಗೆ ಕೂತ್ಕೊಳ್ಳಿ, ನೀರು ಕುಡೀರಿ, ಅಂದರು ಡಾಕ್ಟರಮ್ಮ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೆಂಚು, ಖಾಲಿ ಗೆರೆ, ಮೊಬೈಲು ಕೈಗೆ ಬಂದಿದೆ, ಯಾವಾಗ ತೆಗೆದಳೋ, ಪಲ್ಲವಿ ನೋಡ್ತಿದ್ದಾಳೆ, ಬೇಡ ಅತ್ತೆ, ಅಂತ ತೋಳು ಜಗ್ತಿದ್ದಾಳೆ — ಕ್ಷಮಿಸು ಮಗಾ, ನೀನು ಬಾಗಿಲು ಹಾಕ್ಕೊಂಡು ಅದೇನೋ ನುಂಗಿ ಮಲ್ಲಾಜಮ್ಮನ ಮಗಳ ಹಾಗೆ ಬೆಳ್ಳಗಾಗೋದನ್ನ ನಾನು ನೋಡಲಾರೆ, ನಿಮ್ಮಪ್ಪ ಹೊಡೆದರೆ ಅಡ್ಡ ಬೀಳ್ತೀನಿ, ಕಾಲು ಹಿಡಿದು ಸಹಿ ಹಾಕಿಸ್ತೀನಿ, ಹಾಕ್ತಾನಾ, ಇಲ್ಲಾ ತಾಳಿ ತಂದು ನಿಲ್ತಾನಾ, ಶಿವನೇ, ಯಾರಿಗೆ ಗೊತ್ತು. ರಿಂಗಾಗ್ತಿದೆ. ಎತ್ತಿದ. ಹಿಂದೆ ಹಸು ಕೂಗೋದು ಕೇಳ್ತಿದೆ, ಯಾನವ್ವ ಸುನೀತಾ, ಹಾಲು ಬಂತಾ, ನಮ್ ಕೂಸು ಉಂಡ್ಳಾ, ಅಂತ ಎಷ್ಟು ಮೆತ್ತಗೆ ಕೇಳ್ತಾನೆ ಪಾಪಿ. ಅವಳು ಕೇಳಿದ್ದು ಇಷ್ಟೇ, ಅಣ್ಣ, ಪಲ್ಲವಿಗೆ ಹದಿನೆಂಟಾಯ್ತಲ್ವಾ. ಅವನು ನಕ್ಕ, ಅವತ್ತು ಅದ್ನೇಳು ಅಂತ ಹೊಸಲಲ್ಲಿ ನಿಂತು ಪೊಲೀಸ್ನ ಕರಿತೀನಿ ಅಂದೋಳು, ಇವತ್ತ್ಯಾಕವ್ವ ಅದ್ನೆಂಟು, ಅಂದ, ನಗು ಅರ್ಧಕ್ಕೆ ನಿಂತಿತು, ಹಸುವಿನ ಕೂಗೂ ನಿಂತ ಹಾಗಾಯ್ತು, ಕೊಟ್ಟಿಗೆಯಿಂದ ಈಚೆಗೆ ಬಂದಿರಬೇಕು. ಸುನೀತಾ. ಎಲ್ಲಿದ್ದೀರವ್ವ ನೀವಿಬ್ರೂ. ಅವಳು ಪಕ್ಕಕ್ಕೆ ತಿರುಗಿದಳು, ಪಲ್ಲವಿ ತಲೆಯನ್ನ ಮಂಡಿಗೆ ಊರಿಬಿಟ್ಟಿದ್ದಾಳೆ, ಬಲಗೈ ನಿಧಾನಕ್ಕೆ ಮೇಲೆದ್ದು, ನೆತ್ತಿ ದಾಟಿ, ಎಡಗಿವಿಗೆ ಬಂದು, ಅಲ್ಲೂ ನಿಲ್ಲದೆ ಕೆನ್ನೆವರೆಗೂ ಬಂದು, ಇಡೀ ಕಿವಿಯನ್ನ ಅಂಗೈಯಲ್ಲಿ ಮುಚ್ಚಿಕೊಂಡಿದೆ, ಫೋನಲ್ಲಿ ಅಣ್ಣ ಕೇಳ್ತಾನೇ ಇದ್ದಾನೆ, ಎಲ್ಲಿದ್ದೀರಿ, ಎಲ್ಲಿದ್ದೀರಿ, ಸುನೀತಾ ಆ ಕೈಯನ್ನ ನೋಡ್ತಿದ್ದಾಳೆ, ಬೆರಳು ಒಂದೊಂದಾಗಿ ಬಿಡಿಸಿದ್ದಳಲ್ಲ, ಆ ಕೈ, ಎಟುಕಿದೆ, ಆವತ್ತೂ ಎಟುಕಿತ್ತು, ಕೈ ಎಟುಕಿತ್ತು