ತವರಿನ ಬಳೆ

ಹಂಡೆಯ ನೀರಿಗೆ ಬೆರಳಿಟ್ಟು ಹದ ನೋಡಿದ ಈಶ್ವರಮ್ಮ ಇನ್ನೊಂದು ತಂಬಿಗೆ ತಣ್ಣೀರು ಬೆರೆಸಿದಳು. ಬಿಸಿ ಹೆಚ್ಚಾದರೆ ಗುಡ್ಡಮ್ಮನಿಗೆ ಆಗುತ್ತಿರಲಿಲ್ಲ. ಸತ್ತವಳಿಗೆ ಬಿಸಿಯೇನು ತಣ್ಣಗೇನು ಎಂದು ಅಂಗಳದಲ್ಲಿ ಕೂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಈಶ್ವರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳುವವಳಲ್ಲ. ಹದಿನಾರು ವರ್ಷ ತನ್ನ ಜೊತೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದವಳಿಗೆ ಕೊನೆಯ ನೀರನ್ನು ತಾನೇ ಹಾಕಬೇಕು. ಬೆಳಗಿನ ಜಾವ ಗುಡ್ಡಮ್ಮನ ಉಸಿರು ನಿಂತಾಗಿನಿಂದ ಅವಳ ತಲೆಯಲ್ಲಿದ್ದದ್ದು ಅದೊಂದೇ. ಅಳುವುದನ್ನು ಆಮೇಲೆ ನೋಡಿಕೊಂಡರಾಯಿತು.

ಆದರೆ ನೀರು ಕಾಯುತ್ತಲೇ ಇತ್ತು. ಪಕ್ಕದ ಮನೆಯ ದುರ್ಗಮ್ಮ, ಗುಡ್ಡಮ್ಮನ ಸ್ವಂತ ಚಿಕ್ಕಮ್ಮ, ತವರಿನ ಸೀರೆ ಬರುವ ತನಕ ಹೆಣಕ್ಕೆ ನೀರು ಮುಟ್ಟಿಸುವ ಹಾಗಿಲ್ಲ ಎಂದು ಬಾಗಿಲಿಗೆ ಅಡ್ಡ ಕೂತಿದ್ದಳು. ಹೆಣ್ಣು ಎಷ್ಟೇ ಮುದುಕಿಯಾಗಲಿ, ಹೋಗುವಾಗ ತವರಿನ ಸೀರೆ ಹೊದೆದೇ ಹೋಗಬೇಕು. ಗುಡ್ಡಮ್ಮನಿಗಿದ್ದ ತವರೆಂದರೆ ಉಡುತಡಿಯ ತಮ್ಮ ಹುಚ್ಚರಾಯಪ್ಪ ಒಬ್ಬನೇ. ಮೊದಲ ಬಸ್ಸಿನ ಕಂಡಕ್ಟರ್ ಕೈಲಿ ಸುದ್ದಿ ಕಳಿಸಿದ್ದರು.

ಹುಚ್ಚರಾಯಪ್ಪ ಮಧ್ಯಾಹ್ನದ ಬಸ್ಸಿಗೆ ಉಳವಿಯಲ್ಲಿ ಇಳಿದು, ಯಾರ ಮುಖವನ್ನೂ ನೋಡದೆ ಬಂದು ಗಂಟನ್ನು ಜಗಲಿಯ ಮೇಲಿಟ್ಟ. ದುರ್ಗಮ್ಮ ಬಿಚ್ಚಿದಳು. ಹಸಿರು ಸೀರೆ, ಕುಂಕುಮದ ಪೊಟ್ಟಣ, ಒಂದು ಡಜನ್ ಹಸಿರು ಗಾಜಿನ ಬಳೆ. ಗುಡ್ಡಮ್ಮನನ್ನು ಆ ಊರು ಕಂಡದ್ದೇ ಬೋಳು ಹಣೆಯಲ್ಲಿ, ಬರಿಗೈಯಲ್ಲಿ.

"ಎಂತದೋ ಇದು? ಬೋಳು ಹಣೆಗೆ ಕುಂಕುಮ ತಂದಿದೀಯಲ್ಲ" ಎಂದಳು ದುರ್ಗಮ್ಮ.

"ಭಾವ ಸತ್ತಿದ್ದನ್ನ ಯಾರು ನೋಡ್ಯಾರೆ ಚಿಗಮ್ಮ? ಹೆಣ ಸಿಗಲಿಲ್ಲ, ತಿಥಿ ಆಗಲಿಲ್ಲ. ನಮ್ಮಕ್ಕ ಮುತ್ತೈದಿ."

ಅಲ್ಲಿಂದ ಶುರುವಾಯಿತು ವಾದ. ಗಂಡ ನಾಪತ್ತೆಯಾಗಿ ಹನ್ನೆರಡು ವರ್ಷ ಕಳೆದರೆ ಸತ್ತ ಲೆಕ್ಕವೇ ಎಂದರು ಕೆಲವರು. ಕರ್ಮ ಮಾಡದೆ ಸತ್ತ ಲೆಕ್ಕ ಹೇಗಾಗುತ್ತದೆ ಎಂದರು ಇನ್ನು ಕೆಲವರು. ವಿಧವೆ ಎಂದಾದರೆ ಯಾರು ಬೇಕಾದರೂ ಮೀಯಿಸಬಹುದು, ಬರಿಗೈಯಲ್ಲೇ ಕಳಿಸಬೇಕು. ಮುತ್ತೈದೆ ಎಂದಾದರೆ ಮುತ್ತೈದೆಯರೇ ಮೀಯಿಸಿ, ಅರಿಸಿನ ಹಚ್ಚಿ, ಬಳೆ ತೊಡಿಸಬೇಕು. ವಿಧವೆ ಹತ್ತಿರ ಸುಳಿಯುವ ಹಾಗಿಲ್ಲ. ಈಶ್ವರಮ್ಮ ಗಂಡನನ್ನು ಕಳೆದುಕೊಂಡು ಇಪ್ಪತ್ತು ವರ್ಷ ದಾಟಿತ್ತು. ಸೀಗೆಪುಡಿ ಕಲಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

*

ನಲವತ್ತೆರಡರಲ್ಲಿ ಸ್ವರಾಜ್ಯ ಸಾರಿದ ಈಸೂರಿನ ಗಲಾಟೆಯ ವರ್ಷವೆಂದರೆ ಶಿಕಾರಿಪುರದ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಪೊಲೀಸರು ಬರುತ್ತಾರೆಂದು ಜನ ಮನೆಮಠ ಬಿಟ್ಟು ಕಾಡು ಸೇರಿದ್ದರು. ಈಸೂರಿಗೆ ಮದುವೆಯಾಗಿ ಹೋಗಿ ಎರಡು ವರ್ಷವಾಗಿದ್ದ ಗುಡ್ಡಮ್ಮ ಗಂಡ ಸುಬ್ಬಪ್ಪನ ಬೆನ್ನಿಗೆ ಓಡಿದಳು. ಅಕ್ಕನನ್ನು ನೋಡಲು ಬಂದು ಸಿಕ್ಕಿಕೊಂಡಿದ್ದ ಹುಚ್ಚರಾಯಪ್ಪನೂ ಜೊತೆಗಿದ್ದ.

ಮೂರನೆಯ ದಿನ ಸುಬ್ಬಪ್ಪ ಗಡಿಗೆ ಹಿಡಿದು ನೀರಿಗೆಂದು ಹಳ್ಳದ ಕಡೆ ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಬೂಟಿನ ಸದ್ದು ಕೇಳಿಸಿತು. ತಮ್ಮನ ಜೊತೆ ಪೊದೆಯೊಳಗೆ ಮುದುಡಿ ಕೂತಿದ್ದ ಗುಡ್ಡಮ್ಮನ ಕೈ ನಡುಗುತ್ತಿತ್ತು, ಕೈತುಂಬ ಇದ್ದ ಬಳೆಗಳು ಸದ್ದು ಮಾಡುತ್ತಿದ್ದವು. ಸೆರಗಿನಲ್ಲಿ ಸುತ್ತಿ, ಕಲ್ಲಿಗೆ ಒತ್ತಿ, ಅಷ್ಟನ್ನೂ ಒಡೆದುಕೊಂಡಳು. ಬೂಟಿನ ಸದ್ದು ದೂರವಾಯಿತು. ಸುಬ್ಬಪ್ಪ ಬರಲಿಲ್ಲ. ಜೈಲಿಗೆ ಹೋದವರಲ್ಲೂ ಅವನಿರಲಿಲ್ಲ, ಸತ್ತವರಲ್ಲೂ ಇರಲಿಲ್ಲ.

ಬದುಕಿರುವ ಗಂಡನ ಬಳೆ ಒಡೆದುಕೊಂಡವಳು. ಹಾಗೆಂದು ಯಾರೂ ಅವಳನ್ನು ಆಡಿಕೊಳ್ಳಲಿಲ್ಲ, ಊರಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಅಂದುಕೊಂಡವಳು ಅವಳೇ. ಅವನನ್ನು ತಾನೇ ಕೈಯಾರೆ ಕೊಂದೆ ಎಂದು ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ ಮಾತು ನಿಂತಿತು. ಜಾಗ ಬದಲಾದರೆ ಸರಿಹೋದೀತೆಂದು ತಮ್ಮ ಅವಳನ್ನು ಉಳವಿಗೆ ಕರೆತಂದು ದುರ್ಗಮ್ಮನ ಮನೆಯಲ್ಲಿ ಬಿಟ್ಟ. ಒಂದು ಪಾತ್ರೆ ಬಿದ್ದರೂ ಅವಳು ಭತ್ತದ ಕಣಜದ ಹಿಂದೆ ಹೋಗಿ ಅಡಗುತ್ತಿದ್ದಳು. ದುರ್ಗಮ್ಮ ತಾಯತ ಕಟ್ಟಿಸಿದಳು, ಬೇವಿನ ಸೊಪ್ಪಿನಲ್ಲಿ ಹೊಡೆಸಿದಳು, ಕಂಡ ಕಂಡ ದೇವರಿಗೆ ಹರಕೆ ಹೊತ್ತಳು. ಕೊನೆಗೆ ಅವಳೂ ಸೋತಳು.

ಗೋಡೆಯಾಚೆಯ ಈಶ್ವರಮ್ಮ ಅವಲಕ್ಕಿ ಕುಟ್ಟಿ ಮಾರಿ ಬದುಕುವವಳು. ಜೊತೆಗೆ ಕುಟ್ಟುತ್ತಿದ್ದ ಮಗಳು ಆ ವರ್ಷ ಗಂಡನ ಮನೆಗೆ ಹೋಗಿದ್ದಳು. ಮಾತಾಡದಿದ್ದರೇನು, ಒನಕೆ ಹಿಡಿಯಲು ಕೈ ಇದ್ದರೆ ಸಾಕು ಎಂದು ಗುಡ್ಡಮ್ಮನನ್ನು ಕರೆದುಕೊಂಡು ಹೋದಳು. ಹುಡುಗಿಗೆ ಔಷಧಿ ಮಾಡುತ್ತೇನೆಂದು ಅವಳೇನೂ ಹೊರಟಿರಲಿಲ್ಲ, ಅವಳಿಗೆ ಬೇಕಾಗಿದ್ದದ್ದು ಅವಲಕ್ಕಿ.

ಒಂದು ಒರಳಿಗೆ ಎರಡು ಒನಕೆ. ಒಂದು ಏಳುವಾಗ ಇನ್ನೊಂದು ಇಳಿಯಬೇಕು, ಎದುರಿನವಳ ಉಸಿರು ಕೇಳಿಕೊಂಡು ಕುಟ್ಟಬೇಕು. ಮೊದಲ ದಿನಗಳಲ್ಲಿ ಪ್ರತಿ ಪೆಟ್ಟಿಗೂ ಗುಡ್ಡಮ್ಮ ಕಣ್ಣು ಮುಚ್ಚುತ್ತಿದ್ದಳು. ಈಶ್ವರಮ್ಮ ತನ್ನ ಒನಕೆಯನ್ನು ಎತ್ತಿ ಹಿಡಿದುಕೊಂಡು, ಅವಳು ಕಣ್ಣು ತೆರೆಯುವ ತನಕ ಕಾಯುತ್ತಿದ್ದಳು. ಆ ಬೇಸಗೆಯಲ್ಲಿ ಉಳವಿಯವರು ತಿಂದ ಅವಲಕ್ಕಿ ಅರ್ಧಂಬರ್ಧ ಕುಟ್ಟಿದ ಹಾಗಿತ್ತೆಂದು ದೂರು ಬಂತು. ಬರಲಿ ಎಂದಳು ಈಶ್ವರಮ್ಮ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಒರಳಿನಿಂದ ಕಣ್ಣೆತ್ತದೆ, ಒನಕೆಯನ್ನೂ ನಿಲ್ಲಿಸದೆ ಗುಡ್ಡಮ್ಮ ಬಳೆಯ ಸಂಗತಿ ಹೇಳಿದಳು. ಈಶ್ವರಮ್ಮ ಪೂರಾ ಕೇಳಿಸಿಕೊಂಡಳು.

"ನಮ್ಮೋರು ಸಾಯೋವಾಗ ನನ್ನ ಕೈತುಂಬ ಬಳೆ ಇತ್ತು ಕಣೇ" ಎಂದಳು. "ಒಂದೂ ಒಡೆದಿರ್ಲಿಲ್ಲ. ಇದ್ದ ಬಳೆ ಅವರನ್ನ ಉಳಿಸ್ಲಿಲ್ಲ. ಒಡೆದ ಬಳೆ ನಿನ್ನ ಗಂಡನ್ನ ಹೆಂಗೆ ಕೊಂದೀತು?"

ಗುಡ್ಡಮ್ಮ ಒನಕೆ ಬಿಟ್ಟು ಕುಸಿದು ಕೂತು, ಎರಡು ವರ್ಷದ್ದನ್ನೆಲ್ಲ ಅತ್ತಳು. ಆ ರಾತ್ರಿ ಈಶ್ವರಮ್ಮನ ಮಗ್ಗುಲಲ್ಲೇ ಮಲಗಿದಳು, ಮತ್ತೆ ಗೋಡೆಯಾಚೆಗೆ ಹೋಗಲಿಲ್ಲ. ನಗುವುದನ್ನು, ಜಗಳವಾಡುವುದನ್ನು, ನೆರೆಮನೆಯ ಕೋಳಿಗೆ ಬಯ್ಯುವುದನ್ನು ಒಂದೊಂದಾಗಿ ಕಲಿತಳು. ಬಳೆ ಮಾತ್ರ ತೊಡಲಿಲ್ಲ. ಬಂದರೆ ಅವರೇ ತೊಡಿಸಲಿ ಎನ್ನುತ್ತಿದ್ದಳು. ಶಿರಾಳಕೊಪ್ಪದ ಸಂತೆಯಲ್ಲಿ ಹಿಂದಿನಿಂದ ಎತ್ತರದ ಗಂಡಸು ಯಾರಾದರೂ ಕಂಡರೆ, ಅವಲಕ್ಕಿ ಚೀಲ ಈಶ್ವರಮ್ಮನ ಕೈಗೆ ಕೊಟ್ಟು, ಮುಂದೆ ಹೋಗಿ ಮುಖ ನೋಡಿ ಬರುತ್ತಿದ್ದಳು.

*

ಹೊತ್ತು ಇಳಿಯುತ್ತಿತ್ತು. ವಾದ ಬಗೆಹರಿಯದ್ದು ನೋಡಿ ಊರಿನ ಹಿರಿಯ ಕೆಂಪಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ಈಶ್ವರಮ್ಮ, ಜೊತೆಗಿದ್ದೋಳು ನೀನು. ಗಂಡ ಇದಾನೆ ಅಂತಿದ್ಲಾ, ಇಲ್ಲ ಅಂತಿದ್ಲಾ? ನೀ ಹೇಳಿದಂಗೆ ಮಾಡಾಣ."

ಇಲ್ಲ ಅಂತಿದ್ದಳು ಎಂದರೆ ಮುಗಿಯಿತು. ಹಂಡೆಯ ನೀರು ತನ್ನದು, ಸೀಗೆಪುಡಿ ತನ್ನದು. ಬಾಗಿಲು ಮುಚ್ಚಿಕೊಂಡು ಅವಳ ತಲೆಗೂದಲು ಬಿಡಿಸಿ, ಬೆನ್ನು ತಿಕ್ಕಿ, ಮನಸಾರೆ ಮೀಯಿಸಬಹುದು. ಸುಳ್ಳೆಂದು ಹೇಳಲು ಗುಡ್ಡಮ್ಮ ಎದ್ದು ಬರುವುದಿಲ್ಲ. ಆ ಮಾತು ಈಶ್ವರಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಬರಿಗೈಯಲ್ಲಿ ಕಳಿಸುವುದೆಂದರೆ, ನಿನ್ನ ಗಂಡ ಆ ದಿನವೇ ಸತ್ತ, ನೀನು ಬಳೆ ಒಡೆದುಕೊಂಡ ಗಳಿಗೆಗೇ ಸತ್ತ ಎಂದು ಅವಳ ಕಿವಿಯಲ್ಲಿ ಹೇಳಿ ಕಳಿಸಿದ ಹಾಗೆ. ಹದಿನಾರು ವರ್ಷ ಕಷ್ಟಪಟ್ಟು ಮರೆಸಿದ್ದನ್ನು ಮಣ್ಣು ಮಾಡುವ ದಿನ ನೆನಪಿಸುವುದೇ?

"ಇದಾನೆ ಅಂತಿದ್ಲು" ಎಂದಳು. "ಮುತ್ತೈದೆ ಅವ್ಳು."

ತಂಬಿಗೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಹಿತ್ತಲ ಗೋಡೆಗೆ ಹೋಗಿ ಒರಗಿ ನಿಂತಳು. ನೀರು ಹೆಚ್ಚು ಬಿಸಿ ಮಾಡಬೇಡಿ ಎಂದಷ್ಟೇ ಕೂಗಿ ಹೇಳಿದಳು. ಒಳಗೆ ಐದು ಜನ ಮುತ್ತೈದೆಯರು ನೀರು ಹೊಯ್ಯುವ ಸದ್ದು ಕೇಳಿಸಿತು. ಕೈಗೆ ಬಂದದ್ದನ್ನು ತಾನೇ ಬಿಟ್ಟುಕೊಟ್ಟ ಸಂಕಟಕ್ಕೆ ಅವಳಿಗೆ ಆಗ ಅಳು ಬಂತು.

ಸ್ವಲ್ಪ ಹೊತ್ತಿಗೆ ಒಳಗೆ ಗದ್ದಲ. ಬಳೆ ಇಳಿಯುತ್ತಿರಲಿಲ್ಲ. ಕೈ ಸೆಟೆದಿತ್ತು, ಒನಕೆ ಹಿಡಿದು ಹಿಡಿದು ಬೆರಳ ಗಿಣ್ಣುಗಳು ದಪ್ಪವಾಗಿದ್ದವು. ಎರಡು ಬಳೆ ಒಡೆದವು. ಇಳಿಯದಿದ್ದರೆ ಎದೆಯ ಮೇಲೆ ಇಟ್ಟು ಕಳಿಸಿ ಎಂದಳು ದುರ್ಗಮ್ಮ.

ಹುಚ್ಚರಾಯಪ್ಪ ಉಳಿದ ಹತ್ತು ಬಳೆಗಳನ್ನು ಹಿಡಿದುಕೊಂಡು ಹಿತ್ತಲಿಗೆ ಬಂದ. ನೆಲಕ್ಕೆ ಕುಕ್ಕರಿಸಿದ.

"ಬಳಿ ಒಡಕೋ ಅಂದೋನು ನಾನು ಈಶ್ವರಕ್ಕ. ಹೆದರಿಕ್ಯಾಗಿತ್ತು, ಸಿಕ್ಕಿಬೀಳ್ತೀವಿ ಅಂತ ಕಿವ್ಯಾಗ ಹೇಳ್ದೆ. ನಿಮಗೆ ಎಲ್ಲಾ ಹೇಳಿರ್ತಾಳೆ."

ಈಶ್ವರಮ್ಮ ಅವನನ್ನೇ ನೋಡಿದಳು. ಕಾಡಿನ ಕತೆಯನ್ನು ಗುಡ್ಡಮ್ಮ ನೂರು ಸಲ ಹೇಳಿದ್ದಳು. ಪೊದೆ ಯಾವುದು, ಕಲ್ಲು ಎಂಥದು ಎಂದು ಹೇಳಿದ್ದಳು. ತಮ್ಮನ ಮಾತನ್ನು ಒಂದು ಸಲವೂ ಆಡಿರಲಿಲ್ಲ. ನಾನೇ ಒಡೆದುಕೊಂಡೆ ಎಂದೇ ಹೇಳಿಕೊಂಡು ಬಂದಿದ್ದಳು.

"ಹೇಳ್ಲಿಲ್ಲ" ಎಂದಳು. "ನಿನ್ನ ಹೆಸರು ಎತ್ತಲೇ ಇಲ್ಲ ತಮ್ಮ."

ಅವನು ಮುಖ ಮುಚ್ಚಿಕೊಂಡ. ಅವನ ತಲೆಗೂದಲೂ ಆಗಲೇ ನರೆಯುತ್ತಿತ್ತು. ಈಶ್ವರಮ್ಮ ಅವನ ಎದುರು ಕೂತು ಭುಜ ಹಿಡಿದಳು. ಬಳೆ ಒಡೆದರೆ ಯಾರೂ ಸಾಯುವುದಿಲ್ಲ, ನಿನ್ನಕ್ಕನಿಗೆ ಅದು ಗೊತ್ತಾಗಿ ಬಹಳ ವರ್ಷವಾಯಿತು, ಇನ್ನು ನಿನಗೂ ಗೊತ್ತಾಗಲಿ ಎಂದಳು. ಬಿಕ್ಕುವುದು ನಿಂತ ಮೇಲೆ ಅವನು ಬಳೆಗಳನ್ನು ಅವಳ ಕೈಗೆ ಕೊಟ್ಟ.

"ನೀವೇ ತೊಡಿಸ್ರಿ."

ಬಾಗಿಲಲ್ಲಿ ದುರ್ಗಮ್ಮ ಅಡ್ಡ ನಿಂತಳು. ವಿಧವೆ ಕೈಲಿ ಮುತ್ತೈದೆಗೆ ಬಳೆ ತೊಡಿಸುವುದು ಎಲ್ಲಾದರೂ ಉಂಟೇ ಎಂದಳು.

"ತವರಿನ ಬಳಿ ಇವು ಚಿಗಮ್ಮ" ಎಂದ ಹುಚ್ಚರಾಯಪ್ಪ. "ಯಾರ ಕೈಲಿ ತೊಡಿಸ್ಬೇಕು ಅಂತ ತವರಿನೋರು ಹೇಳ್ತೀವಿ."

ದುರ್ಗಮ್ಮ ಅವನನ್ನೂ ನೋಡಿದಳು, ಈಶ್ವರಮ್ಮನನ್ನೂ ನೋಡಿದಳು. ಆಮೇಲೆ ಅವಳೇ ಒಳಗೆ ಹೋಗಿ ಹರಳೆಣ್ಣೆಯ ಬಟ್ಟಲು ತಂದಿಟ್ಟು, ಹೆಂಗಸರಿಗೆ ಸರಿಯಲು ಹೇಳಿದಳು.

ಈಶ್ವರಮ್ಮ ಕೂತು ಗುಡ್ಡಮ್ಮನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಎಣ್ಣೆ ಸವರಿ, ಹೆಬ್ಬೆರಳನ್ನು ಒಳಗೆ ಮಡಿಸಿ, ಒಂದೊಂದೇ ಗಿಣ್ಣನ್ನು ನೀವಿ ಸಡಿಲ ಮಾಡುತ್ತಾ ಕಾದಳು. ಮೊದಲ ಬಳೆ ಇಳಿಯಿತು. ಎರಡನೆಯದೂ ಇಳಿಯಿತು. ಯಾರೂ ಅವಸರ ಮಾಡಲಿಲ್ಲ. ಎರಡೂ ಕೈಗೆ ಐದೈದು ಬಳೆ ಏರಿದವು, ಒಂದೂ ಒಡೆಯಲಿಲ್ಲ.

ಅಂಗಳದಲ್ಲಿ ಚಟ್ಟ ಕಟ್ಟಿ ಆಗಿತ್ತು. ಹೊರುವವರು ಬಾಗಿಲಿಗೆ ಬಂದರು. ಹುಚ್ಚರಾಯಪ್ಪ ಕೈ ಅಡ್ಡ ಹಿಡಿದು ಅವರನ್ನು ತಡೆದ. ಒಳಗೆ ಈಶ್ವರಮ್ಮ, ಬಳೆ ತೊಟ್ಟ ಆ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು, ಚಳಿಯಲ್ಲಿ ಬಂದವರ ಕೈ ಬೆಚ್ಚಗೆ ಮಾಡುವ ಹಾಗೆ ಮೆಲ್ಲಗೆ ಉಜ್ಜುತ್ತಲೇ ಇದ್ದಳು.