ಹೊಸ ರೇಡಾರ್, ಹಳೇ ಬಿರುಕು

ನೆಬ್ರಾಸ್ಕದ ಹಾರ್ಲೋ ಬ್ಲಫ್‌ನ ಮೀಸಲು ವಾಯುಪಡೆಯಲ್ಲಿ ಹದಿನೇಳು ವರ್ಷದಿಂದ ಆ ಒಂದು ಯುದ್ಧವಿಮಾನದ ಹೊಣೆ ಮೆಕ್ಯಾನಿಕ್ ಲೋರ್ನಾ ಟ್ವೈಟ್‌ಳದು. ವಿಮಾನಕ್ಕೆ ಮೂವತ್ತೆಂಟು ವರ್ಷ. ಈಗ ಕಾರ್ಖಾನೆಯವರು ಅದರ ಮೂಗಿನೊಳಗೆ ಹೊಸ ರೇಡಾರ್ ಕೂರಿಸಿ, ಬಣ್ಣ ಬಳಿದು ಕಳಿಸಿದ್ದರು. ಭಾನುವಾರ ಗವರ್ನರ್ ಎದುರು ಹಾರಾಟ.

ಶನಿವಾರ ಲೋರ್ನಾ ವಿಮಾನದ ಹೊಟ್ಟೆಯ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟಳು. ರೆಕ್ಕೆಯನ್ನು ಹಿಡಿದಿಡುವ ಚೌಕಟ್ಟಿನಲ್ಲಿ ಬೆರಳುದ್ದದ ಬಿರುಕು. ಅವಳ ಮೈಯೆಲ್ಲ ಉರಿದುಹೋಯಿತು. ಮೂಗಿಗೆ ಸಿಂಗಾರ ಮಾಡಿದ ಮಹಾನುಭಾವರಿಗೆ ಮೂಳೆ ಸೀಳಿದ್ದು ಕಾಣಲಿಲ್ಲವೇ? ದಾಖಲೆ ಪುಸ್ತಕದಲ್ಲಿ ಕೆಂಪು ಕತ್ತರಿ ಗುರುತು ಹಾಕಿದಳು. ಆ ಗುರುತಿರುವ ವಿಮಾನ ಹಾರುವಂತಿಲ್ಲ. ಅದನ್ನು ತೆಗೆಯುವವರು ಕಣ್ಣಾರೆ ನೋಡಿಯೇ ಸಹಿ ಹಾಕಬೇಕು.

ಮೇಲಧಿಕಾರಿ ಮೇಜರ್ ಡೆವೆರೆಲ್ ನಗುನಗುತ್ತ ಬಂದ. ವಾರವೆಲ್ಲ ಊರಿನಲ್ಲಿ ವಿಮೆ ಮಾರಿ ವಾರಾಂತ್ಯಕ್ಕೆ ಮಾತ್ರ ಸಮವಸ್ತ್ರ ತೊಡುವವನು, ಮಾತಿಗೇನು ಬರ. ಕಾರ್ಖಾನೆಯವರು ಎಲ್ಲ ನೋಡಿದ್ದಾರೆ, ಒಂದೇ ಸುತ್ತು ತಾನೆ ಎಂದ. ಬಗ್ಗಿ ನೋಡಿ ಎಂದರೆ ಆಮೇಲೆ ಎಂದ.

"ಈ ರೇಡಾರ್ ಬರ್ದೇ ಇದ್ರೆ ನಮ್ ನೆಲೇನೇ ಮುಚ್ತಿದ್ರು. ಸ್ವಲ್ಪ ಹೊಂದ್ಕೊಂಡು ಹೋಗಮ್ಮ."

"ಬಿರುಕು ಹೊಂದ್ಕೊಳ್ಳಲ್ಲ ಸರ್. ಅದ್ರಲ್ಲಿ ಕೂರೋದು ನೀವಲ್ವಲ್ಲ."

ಭಾನುವಾರ ಪುಸ್ತಕ ತೆರೆದರೆ ಕೆಂಪು ಗುರುತಿನ ಮೇಲೆ ಮೇಜರ್‌ನ ಸಹಿ. ಲೋರ್ನಾ ಏಣಿಯ ಬಳಿಯೇ ಪೈಲಟ್ ಆರಿನ್ ಪಾಸ್ಕ್‌ನನ್ನು ತಡೆದು, ಬಿರುಕಿದೆ, ಮೇಜರ್ ನೋಡದೆ ಸಹಿ ಹಾಕಿದ್ದಾರೆ ಎಂದಳು. ಪಕ್ಕದಲ್ಲೇ ಇದ್ದ ಮೇಜರ್, ತಾನೇ ಒಳಗೆ ಇಣುಕಿ ನೋಡಿದ್ದೇನೆ, ಏನೂ ಆಗಿಲ್ಲ ಎಂದ. ಹಸಿ ಹಸಿ ಸುಳ್ಳು. ಆರಿನ್ ಇಬ್ಬರ ಮುಖವನ್ನೂ ನೋಡಿದ. ಆದರೂ ಮೇಲಧಿಕಾರಿಯ ಮಾತು ಮೀರಲಾರದೆ ಏಣಿ ಹತ್ತಿದ.

ಎಂಜಿನ್ ಮೊರೆಯಿತು. ಹೊರಡುವ ಮುನ್ನ ಮೆಕ್ಯಾನಿಕ್ ವಿಮಾನದ ಮುಂದೆ ನಿಂತು ಸಲ್ಯೂಟ್ ಹೊಡೆಯಬೇಕು. ನನ್ನ ಕೆಲಸ ಸರಿಯಾಗಿದೆ, ಇನ್ನು ನಿನ್ನದು ಎಂದು ಅದರ ಅರ್ಥ. ಆರಿನ್ ಕಾದ. ಲೋರ್ನಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಸಲ್ಯೂಟ್ ಹೊಡಿ, ಇದು ಆಜ್ಞೆ ಎಂದು ಮೇಜರ್ ಅವಳ ಕಿವಿಯ ಹತ್ತಿರ ಬಂದು ಕೂಗಿದ. ಕೆಲಸ ಹೋದರೂ ಹೋಗಲಿ, ಸುಳ್ಳಿಗೆ ಅವಳು ಕೈ ಎತ್ತುವವಳಲ್ಲ.

ಆರಿನ್ ಎಂಜಿನ್ ಆರಿಸಿ ಕೆಳಗಿಳಿದ. ವೇದಿಕೆಯ ಮೇಲೆ ಗವರ್ನರ್ ಭಾಷಣ ನಿಲ್ಲಿಸಿದರು. ಅವನು ಲೋರ್ನಾಳ ಟಾರ್ಚ್ ತೆಗೆದುಕೊಂಡು ಮೇಜರ್ ಕೈಗೆ ಕೊಟ್ಟ.

"ನೀವು ನೋಡಿದೀರಲ್ಲ ಸರ್. ಎಲ್ಲಿ, ನಂಗೂ ತೋರ್ಸಿ."

ಅಷ್ಟು ಜನರ ಎದುರು ಮೇಜರ್ ಸರಸರನೆ ಎಡಗಡೆಯ ರೆಕ್ಕೆಯ ಕಡೆ ನಡೆದ. ಬಿರುಕು ಇದ್ದದ್ದು ಬಲಗಡೆ.