ಕತ್ತದಲ್ಲಿ ಹೊಲಿದ ಮೈ

ಮಾಸ್ತಿ ತೆಂಗಿನ ನಾರು ಹೊಸೆದ ಕತ್ತದ ಹಗ್ಗವನ್ನು ಹಲಗೆಯ ತೂತಿನಲ್ಲಿ ತೂರಿಸಿ ಎಳೆಯುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ಹಡಗು ಹೊಲಿಯುವಾಗ ಮಾತಾಡಿದರೆ ಬಿಗಿ ತಪ್ಪುತ್ತದೆ ಎಂಬುದು ಅವನ ಮನೆತನದ ನಂಬಿಕೆ. ಹಾಗೆ ಗಂಗೊಳ್ಳಿಯ ಮರಳಿನ ಮೇಲೆ ನಾನು ಹುಟ್ಟಿದೆ. ಮೈಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಅಲೆ ಬಂದರೆ ಬಗ್ಗುತ್ತಿದ್ದೆ, ಹೋದರೆ ನೆಟ್ಟಗಾಗುತ್ತಿದ್ದೆ.

ನನ್ನ ಮೊದಲ ಯಜಮಾನ, ನನ್ನನ್ನು ನಡೆಸುತ್ತಿದ್ದ ನಾಕುದಾ, ಸೂಫಿ. ತನ್ನ ಶತ್ರುಗಳ ಹಡಗನ್ನು ದೋಚಬಹುದೆಂದು ಪಕ್ಕದ ಸೀಮೆಯ ಅರಸ ಅವನಿಗೆ ಓಲೆ ಬರೆದುಕೊಟ್ಟಿದ್ದ. ಓಲೆ ಇರುವುದರಿಂದ ನಾವು ಕಳ್ಳರಲ್ಲ ಎನ್ನುತ್ತಿದ್ದ ಸೂಫಿ. ದೋಚಿಸಿಕೊಂಡವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಆದರೂ ಎಂಥ ದಿನಗಳು ಅವು! ಹೊಟ್ಟೆ ತುಂಬ ಕಾಳುಮೆಣಸಿನ ಘಾಟು, ಮೇಲೆ ಸೂಫಿಯ ಹಾಡು. ಮಾಸ್ತಿಯೂ ಜೊತೆಗಿದ್ದು ನನ್ನ ಹೊಲಿಗೆಗೆ ಮೀನೆಣ್ಣೆ ಸವರುತ್ತಿದ್ದ.

ಒಂದು ಬೆಳಿಗ್ಗೆ ಗಾಳಿ ಬಿದ್ದುಹೋಯಿತು. ನಮ್ಮ ಕರಾವಳಿಯ ಅರಸರ ಪಡೆ ಹುಟ್ಟು ಹಾಕುತ್ತ ಬಂದು ಸುತ್ತುವರಿಯಿತು. ಸೂಫಿಯನ್ನು ಇಳಿಸಿ ಒಯ್ದರು. ಮತ್ತೆ ಅವನನ್ನು ಕಾಣಲಿಲ್ಲ. ಮಾಸ್ತಿಯನ್ನು ಮಾತ್ರ ನನ್ನ ಜೊತೆ ಉಳಿಸಿಕೊಂಡರು. ಬಾವುಟ ಬದಲಾಯಿತು, ನಾಲ್ಕು ತೋಪು ಏರಿದವು. ಅವು ಹಾರುವಾಗ ನನ್ನ ಮೈಗೆ ಬೀಳುವ ಪೆಟ್ಟು ತಡೆಯಲೆಂದು ಸರದಾರ ಭೈರಸ ಮೊಳೆ ತರಿಸಿದ.

"ಬ್ಯಾಡ ಒಡೆಯಾ, ಇದ್ ಹೊಲ್ದ ಹಡ್ಗ್. ಮೊಳಿ ಹೊಡದ್ರೆ ಬಗ್ಗುದಿಲ್ಲ. ಬಗ್ಗದೆ ಇದ್ರೆ ಸೀಳತ್ತ್," ಎಂದ ಮಾಸ್ತಿ.

"ನೀನು ಆಚಾರಿಯೋ, ದರ್ಜಿಯೋ?" ಸರದಾರ ನಕ್ಕ.

"ಎರಡೂ ಅಲ್ಲ ಒಡೆಯಾ. ಇದ್ ಮುಳ್ಗಿರೆ ಒಟ್ಟಿಗ್ ಮುಳ್ಗುವವ."

ಮೊಳೆ ಹೊಡೆದರು. ಮಾಸ್ತಿ ಮುಖ ತಿರುಗಿಸಿ ನಿಂತಿದ್ದ.

ಮರುವರ್ಷ ಅಕ್ಕಿ ದೋಣಿಗಳನ್ನು ಕಾಯುತ್ತ ಅಳಿವೆಯ ಬಾಯಿಯಲ್ಲಿ ನಿಂತಾಗ ಶತ್ರುಗಳು ಬಂದರು. ಮೂರನೆಯ ಸಲ ನನ್ನ ತೋಪುಗಳು ಹಾರಿದಾಗ ಮೊಳೆಯ ಬದಿಯಲ್ಲೇ ನನ್ನ ಹಲಗೆ ಸೀಳಿತು. ಮಾಸ್ತಿ ಕೆಳಗಿಳಿದು ಬಿರುಕಿಗೆ ತೆಂಗಿನ ನಾರು ತುರುಕಿದ, ಮೇಲೆ ತನ್ನ ಬೆನ್ನು ಕೊಟ್ಟು ಕುಳಿತ. "ದಡಕ್ಕ್ ಹಾಕಿ," ಎಂದು ಒಮ್ಮೆ ಕೂಗಿದ. ಅಕ್ಕಿ ದೋಣಿಗಳು ಒಳಸೇರಿದವು. ನಾನೂ ಮರಳು ಮುಟ್ಟಿದೆ. ನಲವತ್ತು ಜನ ನಡೆದು ಇಳಿದರು. ಕೆಳಗೆ ನೀರು ಮಾಸ್ತಿಯ ತಲೆಗಿಂತ ಮೇಲೆ ಬಂದಿತ್ತು.

ಮತ್ತೆ ನನ್ನನ್ನು ಹೊಲಿಯಬಲ್ಲವರು ಸಿಗಲಿಲ್ಲ. ಈಗ ನನ್ನ ಮೇಲೆ ಬಲೆ ಒಣಗುತ್ತದೆ. ಕತ್ತ ಕೊಳೆತುಹೋಗಿದೆ, ಮೊಳೆಗಳು ಮಾತ್ರ ಬಿಟ್ಟಿಲ್ಲ. ಬಲೆ ತೆಗೆಯಲು ಬರುವ ಹೆಂಗಸನ್ನು ದಿನವೂ ಕೇಳುತ್ತೇನೆ:

"ತಂಗಿ, ಈ ಮೊಳೆಗಳನ್ನೊಮ್ಮೆ ಕಿತ್ತುಬಿಡು."

ಅವಳು ಬಲೆ ಕೊಡವಿ, ಹೆಗಲಿಗೇರಿಸಿ ಹೋಗುತ್ತಾಳೆ.